ದಾರ್ ಎಸ್ ಸಲಾಮ್ ಮಂಗಳೂರಿನ ಹಾಗೇನಾ?

ಮಾರ್ಚ್ ಕೊನೆಗೆ ಹೆಂಡತಿ, ಎರಡು ಪುಟ್ಟ ಮಕ್ಕಳ ಜೊತೆ ಟಾಂಜಾನಿಯಾದ ದಾರ್ ಎಸ್ ಸಲಾಮಿಗೆ ಬರುತ್ತಿದ್ದೀರಿ. "ಹವೆ ಥೇಟ್ ಮಂಗಳೂರಿನದೇ ಅಂತಾರೆ, ಹಾಗಾದರೆ ವಿಶೇಷ ತಯಾರಿ ಏನೂ ಬೇಡ ಅಲ್ವಾ?" ಅಂತ ಕೇಳಿದ್ದೀರಿ. ಹವೆ ಮಂಗಳೂರಿನದೇ, ನಿಜ. ತೆಂಗು, ಹಲಸು, ಮಾವು, ಬೆವರು ಎಲ್ಲ ಇದೆ. ಕಾಗೆ ಕೂಡ ನಮ್ಮದೇ: 1890ರ ದಶಕದಲ್ಲಿ ಪಕ್ಕದ ಜಾಂಜಿಬಾರ್ ದ್ವೀಪಕ್ಕೆ ತಂದು ಬಿಟ್ಟ ಊರುಕಾಗೆ ಇಲ್ಲಿಗೂ ಹಬ್ಬಿದೆ. ಮಾಳಿಗೆ ಮೇಲೆ ಸಂಡಿಗೆ ಹಾಕಿದರೆ ಇಲ್ಲೂ ಕಾವಲು ಕೂರಬೇಕು. ಆದರೆ ಎಲ್ಲ ಪರಿಚಿತ ಅಂತ ಮೈಮರೆತ ಜಾಗದಲ್ಲೇ ಹೊಸಬರು ಎಡವುವುದು.

ಮೊದಲು ಮಳೆ. ಇಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಒಣ, ತಂಪು ಕಾಲ. ದೊಡ್ಡ ಮಳೆಗಾಲ, ಅಂದರೆ ಮಸಿಕಾ, ಮಾರ್ಚ್‌ನಿಂದ ಮೇ ತನಕ. ವೂಲಿ ಅನ್ನುವ ಸಣ್ಣ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್. ನೀವು ಇಳಿಯುವುದೇ ಮಸಿಕಾದಲ್ಲಿ, ಬಟ್ಟೆ ಒಣಗದ ಹೊತ್ತಿನಲ್ಲಿ.

ಬಟ್ಟೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕಂದ್ರೆ ಊರಿಂದ ಬರುವವರಿಗೆ ಇದನ್ನು ಯಾರೂ ಹೇಳಿ ಕಳಿಸುವುದಿಲ್ಲ. ಮ್ಯಾಂಗೋ ಫ್ಲೈ ಅನ್ನುವ ನೊಣ ಇದೆ. ಮಾವಿಗೂ ಅದಕ್ಕೂ ಸಂಬಂಧವಿಲ್ಲ. ನೆರಳಲ್ಲಿ ಒಣಹಾಕಿದ ಹಸಿ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮರಿ ಹೊರಬಂದು, ಆ ಬಟ್ಟೆ ತೊಟ್ಟವರ ಚರ್ಮದೊಳಗೆ ಸದ್ದಿಲ್ಲದೆ ಹೊಕ್ಕುತ್ತದೆ. ನೋಡಲು ಕುರುವಿನ ಹಾಗೇ. ಸರಿಯಾಗಿ ಗಮನಿಸಿದರೆ ನಡುವೆ ಒಂದು ಸಣ್ಣ ತೂತು, ಅದರಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ಒಳಗೆ ಏನೋ ಮಿಸುಕಿದ ಹಾಗೆ ಆಗುತ್ತದೆ. ಉಗುರಿನಿಂದ ಕಿತ್ತು ತೆಗೆಯಲು ಹೋಗಬೇಡಿ. ಹುಳ ಅರ್ಧ ಒಳಗೇ ಉಳಿದರೆ ಕೀವಾಗುತ್ತದೆ. ತೂತು ಮುಚ್ಚುವ ಹಾಗೆ ವ್ಯಾಸಲೀನ್ ದಪ್ಪಗೆ ಬಳಿದು ಕೆಲವು ಗಂಟೆ ಬಿಡಿ. ಉಸಿರಾಟಕ್ಕೆ ಅದು ಮೇಲೆ ಬಂದಾಗ ಎರಡೂ ಬದಿಯಿಂದ ಮೆಲ್ಲಗೆ ಒತ್ತಿದರೆ ಇಡಿಯಾಗಿ ಬರುತ್ತದೆ. ಬಾರದಿದ್ದರೆ ಡಾಕ್ಟರ ಹತ್ತಿರ ಹೋಗಿ.

ಬಾರದ ಹಾಗೆ ತಡೆಯುವುದು ಸುಲಭ: ಹೊರಗೆ ಒಣಗಿದ್ದೆಲ್ಲಕ್ಕೂ ಬಿಸಿ ಇಸ್ತ್ರಿ. ಶರ್ಟು, ಪ್ಯಾಂಟು ಅಷ್ಟೇ ಅಲ್ಲ, ಒಳಉಡುಪು, ಟವೆಲ್ಲು, ಹಾಸಿಗೆ ಹೊದಿಕೆ, ಕಾಲುಚೀಲ, ಮಗುವಿನ ಲಂಗೋಟಿಗೂ. ಮಗ್ಗುಲು ತಿರುಗಿಸಿ ಎರಡೂ ಕಡೆ ಹಾಕಬೇಕು. ತಪ್ಪಿಹೋಗುವುದು ಹೊಲಿಗೆ, ಕಾಲರ್ ಮಡಿಕೆ, ಚಡ್ಡಿಯ ಎಲಾಸ್ಟಿಕ್ಕು. ಇಸ್ತ್ರಿ ತಡೆಯದ ಬಟ್ಟೆಯನ್ನು ಸೊಳ್ಳೆಜಾಲಿ ಇರುವ ಕೋಣೆಯಲ್ಲಿ ಫ್ಯಾನಿನಡಿ ಒಣಗಿಸಿ. ಹೊರಗೇ ಒಣಗಿದ್ದಾದರೆ ಎರಡು ವಾರ ಎತ್ತಿಟ್ಟು ಆಮೇಲೆ ತೊಡಿ, ಅಷ್ಟರಲ್ಲಿ ಮರಿ ಸತ್ತಿರುತ್ತದೆ. ಹುಲ್ಲಿನ ಮೇಲೆ ಬಟ್ಟೆ ಹರವುವ ಅಭ್ಯಾಸ ಇದ್ದರೆ ಇಲ್ಲಿ ಬಿಟ್ಟುಬಿಡಿ.

ಮಲೇರಿಯಾ ಮಂಗಳೂರಿಗೂ ಹೊಸದಲ್ಲ, ಆದರೆ ಅಲ್ಲಿ ಹೆಚ್ಚಾಗಿ ಬರುವುದು ವೈವಾಕ್ಸ್ ಅನ್ನುವ ಬಗೆ. ಇಲ್ಲಿಯದು ಹೆಚ್ಚಾಗಿ ಅದಕ್ಕಿಂತ ಅಪಾಯದ ಫಾಲ್ಸಿಪ್ಯಾರಮ್, ಮಕ್ಕಳಿಗೆ ಒಂದೇ ದಿನದಲ್ಲಿ ತಲೆಗೇರಬಹುದು. "ನಾಳೆ ನೋಡೋಣ" ಅನ್ನುವ ಮಾತು ಬೇಡ. ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಆಗಲಿ, ಬೆರಳ ತುದಿಯ ಕಿಟ್‌ನಲ್ಲಿ 15–20 ನಿಮಿಷಕ್ಕೆ ಫಲಿತಾಂಶ ಸಿಗುತ್ತದೆ. ಸಾಮಾನ್ಯವಾಗಿ ಕೊಡುವ ಔಷಧಿ ಆರ್ಟಿಮೆಥರ್-ಲ್ಯುಮೆಫಾಂಟ್ರಿನ್, ಜನರ ಬಾಯಲ್ಲಿ ಮ್ಸೇತೊ. ಮೂರು ದಿನಕ್ಕೆ ಆರು ಸಲ. ಮೊದಲನೆಯದನ್ನು ಕೊಟ್ಟ 8 ಗಂಟೆಯ ಮೇಲೆ ಎರಡನೆಯದು, ಆಮೇಲೆ ಬೆಳಿಗ್ಗೆ-ಸಂಜೆ. ಹಾಲು ಅಥವಾ ಜಿಡ್ಡಿರುವ ಊಟದ ಜೊತೆ ಕೊಟ್ಟರೆ ಮಾತ್ರ ಮೈಗೆ ಸರಿಯಾಗಿ ಹತ್ತುತ್ತದೆ. ಎರಡನೇ ದಿನ ಜ್ವರ ಇಳಿಯಿತು ಅಂತ ನಿಲ್ಲಿಸಬೇಡಿ. ರಜೆಗೆ ಊರಿಗೆ ಹೋದಾಗ ಜ್ವರ ಬಂದರೂ "ಟಾಂಜಾನಿಯಾದಿಂದ ಬಂದಿದ್ದೇವೆ" ಅಂತ ಅಲ್ಲಿನ ಡಾಕ್ಟರಿಗೆ ಮೊದಲ ವಾಕ್ಯದಲ್ಲೇ ಹೇಳಿ.

ಮನೆ ನೋಡುವಾಗ ಅಡುಗೆಮನೆಗಿಂತ ಮೊದಲು ನೀರಿನ ಟ್ಯಾಂಕ್ ನೋಡಿ. ಇಲ್ಲಿ ಆರು ತಿಂಗಳು ಅಥವಾ ವರ್ಷದ ಬಾಡಿಗೆ ಮುಂಗಡ ಕೇಳುವುದು ಮಾಮೂಲು, ಕೊಟ್ಟ ಮೇಲೆ ಮಾತಾಡಿ ಪ್ರಯೋಜನವಿಲ್ಲ. ನಾಲ್ಕು ಜನಕ್ಕೆ ದಿನಕ್ಕೆ 600 ಲೀಟರ್ ಅಂತ ಹಿಡಿದರೆ 5,000 ಲೀಟರಿನ ಟ್ಯಾಂಕ್ ಎಂಟು ದಿನ ಬರುತ್ತದೆ. ಪೂರ್ತಿ ನೆಲದ ತೊಟ್ಟಿಯಲ್ಲೇ ಇದ್ದರೆ ಕರೆಂಟು ಹೋದಾಗ ಪಂಪೂ ಇಲ್ಲ, ನೀರೂ ಇಲ್ಲ. ಮೇಲೊಂದು ಟ್ಯಾಂಕ್ ಇರಲೇಬೇಕು. ಮುಚ್ಚಳ ಬಿಗಿಯಾಗಿ ಕೂರದಿದ್ದರೆ ಡೆಂಗ್ಯೂ ಸೊಳ್ಳೆ ಅಲ್ಲೇ ಸಂಸಾರ ಹೂಡುತ್ತದೆ.

ಕರೆಂಟು ಮುಂಗಡ ಪಾವತಿಯದು, ಹೆಸರು ಲುಕು. ಮೊಬೈಲಿನಲ್ಲಿ ದುಡ್ಡು ಕಟ್ಟಿದರೆ 20 ಅಂಕಿಯ ಟೋಕನ್ ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ಹಳೇ ಬಗೆಯ ಒಂದೂವರೆ ಟನ್ ಏಸಿ ಗಂಟೆಗೆ ಸುಮಾರು ಒಂದೂವರೆ ಯೂನಿಟ್ ತಿನ್ನುತ್ತದೆ, ರಾತ್ರಿ ಮಲಗುವ ಮುಂಚೆ ಉಳಿದ ಯೂನಿಟ್ ನೋಡುವುದು ರೂಢಿಯಾಗಲಿ. ನಮ್ಮ ಮಿಕ್ಸಿ ಹಾಗೇ ನಡೆಯುತ್ತದೆ, ಇಲ್ಲೂ 230 ವೋಲ್ಟ್, 50 ಹರ್ಟ್ಸ್. ಆದರೆ ಗೋಡೆಯ ಸಾಕೆಟ್ ಚಪ್ಪಟೆ ಪಿನ್ನಿನ ಬ್ರಿಟಿಷ್ ಮಾದರಿಯದು. ಅಡಾಪ್ಟರ್ ಸಿಕ್ಕಿಸಿ ಮಿಕ್ಸಿ ತಿರುಗಿಸಿದರೆ ಅಡಾಪ್ಟರೇ ಬಿಸಿಯೇರಿ ಸುಡಬಹುದು. 13 ಆಂಪಿಯರ್ ಫ್ಯೂಸಿನ ಪ್ಲಗ್ ಕೊಂಡು ವೈರಿಗೇ ಹಾಕಿಸಿ. ಫ್ರಿಜ್ಜಿಗೆ ವೋಲ್ಟೇಜ್ ಏರಿಳಿತದಿಂದ ಕಾಯುವ ಫ್ರಿಜ್ ಗಾರ್ಡ್ ತಪ್ಪದೆ ಬೇಕು.

ಊಟದ ಚಿಂತೆ ಬೇಡವೇ ಬೇಡ. ರಾಗಿ ಇಲ್ಲಿ ಉಲೆಜಿ, ಅದರ ತವರು ಪೂರ್ವ ಆಫ್ರಿಕಾವೇ. ಹಿಟ್ಟು ಕೊಂಡರೆ ಗಂಜಿಗೆಂದು ಜೋಳ, ಸೋಯಾ ಬೆರೆಸಿದ್ದೇ ಹೆಚ್ಚಾಗಿ ಸಿಗುತ್ತದೆ, ಅದರಲ್ಲಿ ಮುದ್ದೆ ಕೂಡುವುದಿಲ್ಲ. ಕಾಳು ಕೊಂಡು, ಕಲ್ಲು ಆರಿಸಿ, ಗಿರಣಿಯಲ್ಲಿ ಬೀಸಿಸಿ. ಮ್ಚಿಚಾ ಅಂದರೆ ನಮ್ಮ ಹರಿವೆ ಸೊಪ್ಪು. ತೊಗರಿ ಇಡೀ ಕಾಳಾಗಿ ಎಲ್ಲೆಡೆ ಸಿಗುತ್ತದೆ. ಬೇಳೆ, ಕರಿಬೇವು ನಗರದ ನಡುವಿನ ಕಿಸುಟು ಕಡೆಯ ಅಂಗಡಿಗಳಲ್ಲಿ. ತುರಿಮಣೆ ಹೊತ್ತು ತರಬೇಡಿ: ಮ್ಬುಜಿ, ಅಂದರೆ "ಮೇಕೆ", ಅಂತ ಕರೆಯುವ ಮಡಚುವ ಮಣೆ ಇಲ್ಲಿದೆ, ಮೇಲೆ ಕೂತು ಮುಂದಿನ ಹಲ್ಲಿನ ಕಬ್ಬಿಣಕ್ಕೆ ಕಾಯಿ ಒತ್ತುವುದು. ತರಕಾರಿ ಹೆಚ್ಚುವ ಅಲಗು ಮಾತ್ರ ಇರುವುದಿಲ್ಲ. ಸಾಮಾನನ್ನು ಪ್ಲಾಸ್ಟಿಕ್ ಕೈಚೀಲದಲ್ಲಿ ತುಂಬಿಕೊಂಡು ಬರಬೇಡಿ, 2019ರ ಜೂನ್ 1ರಿಂದ ಅದು ನಿಷಿದ್ಧ, ಪ್ರವಾಸಿಗಳಿಗೂ. ಬಟ್ಟೆಚೀಲ ಸಾಕು.

ಇನ್ನೊಂದು, ಗಡಿಯಾರ. ವರ್ಷವಿಡೀ ಆರರ ಆಸುಪಾಸಿಗೆ ಬೆಳಕು ಹರಿಯುವ ಈ ಕರಾವಳಿಯಲ್ಲಿ ಹೊತ್ತು ಎಣಿಸುವುದು ಬೆಳಿಗ್ಗೆ ಆರರಿಂದ. ಸಾ ಮೋಜಾ, "ಒಂದು ಗಂಟೆ", ಅಂದರೆ ನಮ್ಮ ಏಳು. ಕೊಳಾಯಿ ರಿಪೇರಿಯ ಫುಂಡಿ "ಸಾ ನ್ನೆ", ನಾಲ್ಕಕ್ಕೆ, ಬರುತ್ತೇನೆ ಅಂದರೆ ಹತ್ತಕ್ಕೆ ಬಾಗಿಲಲ್ಲಿರುತ್ತಾನೆ. ಸಂಜೆಯ ತನಕ ಕಾದು ಅವನನ್ನು ಬೈಯಬೇಡಿ. ಆರು ಕೂಡಿಸಿ, ಜೊತೆಗೆ "ಅಸುಬುಹಿ?" ಅಂತ ಒಮ್ಮೆ ಕೇಳಿ, ಬೆಳಿಗ್ಗೆಯೇ ಅಂತ ಖಾತ್ರಿಯಾಗುತ್ತದೆ.