ಟೀಮಿನ ಅತ್ಯುತ್ತಮ ಎಂಜಿನಿಯರ್ ಮ್ಯಾನೇಜರ್ ಆದ ಮೇಲೆ ಯಾಕೆ ಎಡವುತ್ತಾರೆ?

ಬಡ್ತಿ ಸಿಗುವುದು ಹಳೆಯ ಕೆಲಸ ನೋಡಿ, ಆಮೇಲೆ ಮಾಡಬೇಕಾದದ್ದು ಬೇರೆಯೇ ಕೆಲಸ. ಕೋಡ್ ಬರೆಯುವವರು ಸಮಸ್ಯೆಯನ್ನು ತಾವೇ ಬಿಡಿಸಿದರೆ ಶಹಬ್ಬಾಸ್‌ಗಿರಿ. ಮ್ಯಾನೇಜರ್ ಅದನ್ನು ಇನ್ನೊಬ್ಬರ ಕೈಯಲ್ಲಿ ಬಿಡಿಸಬೇಕು, ಅದೂ ತಮಗಿಂತ ನಿಧಾನವಾಗಿ. ಸಾಫ್ಟ್‌ವೇರ್ ರಿಲೀಸ್ ಹಿಂದಿನ ರಾತ್ರಿ ಬಗ್, ಅಂದರೆ ಕೋಡಿನಲ್ಲಿ ದೋಷ, ಬಂತು ಅನ್ನಿ, ಹೊಸ ಮ್ಯಾನೇಜರ್ "ಕೊಡಿಲ್ಲಿ, ನಾನೇ ನೋಡ್ತೀನಿ" ಎಂದು ಲ್ಯಾಪ್‌ಟಾಪ್ ಎಳೆದುಕೊಳ್ಳುತ್ತಾರೆ. ಬಗ್ ಹೋಗುತ್ತದೆ, ಜೂನಿಯರ್ ಏನೂ ಕಲಿಯುವುದಿಲ್ಲ, ಮುಂದಿನ ರಿಲೀಸಿಗೂ ಅದೇ ಕಥೆ.

ಹಾಗಂತ ಮ್ಯಾನೇಜರುಗಳೇ ಬೇಡ ಎನ್ನುವಂತಿಲ್ಲ. ಗೂಗಲ್ 2002ರಲ್ಲಿ ಎಂಜಿನಿಯರಿಂಗ್ ಮ್ಯಾನೇಜರ್ ಹುದ್ದೆಗಳನ್ನೇ ತೆಗೆದು ನೋಡಿತು. ಖರ್ಚಿನ ಬಿಲ್ಲು, ಸಹೋದ್ಯೋಗಿಗಳ ಜಗಳ ಎಲ್ಲ ನೇರ ಸಂಸ್ಥಾಪಕ ಲ್ಯಾರಿ ಪೇಜ್ ಬಳಿ ಬರತೊಡಗಿ, ಕೆಲವೇ ತಿಂಗಳಲ್ಲಿ ಆ ಪ್ರಯೋಗ ಕೈಬಿಟ್ಟಿತು. 2009ರಲ್ಲಿ ಶುರುಮಾಡಿದ 'ಪ್ರಾಜೆಕ್ಟ್ ಆಕ್ಸಿಜನ್' ಅಧ್ಯಯನ ಅಲ್ಲಿನ ಒಳ್ಳೆಯ ಮ್ಯಾನೇಜರುಗಳ 8 ಗುಣಗಳನ್ನು ಗುರುತಿಸಿತು. ಮೊದಲನೆಯದು ಒಳ್ಳೆಯ ಕೋಚ್ ಆಗಿರುವುದು, ಅಂದರೆ ಜೊತೆಗಿದ್ದು ಕಲಿಸುವುದು. ತಾಂತ್ರಿಕ ಕೌಶಲವೂ ಪಟ್ಟಿಯಲ್ಲಿತ್ತು, ಆದರೆ ಕೊನೆಯಲ್ಲಿ.

ಆದ್ದರಿಂದ ಪಟ್ಟ ಕಟ್ಟುವ ಮೊದಲು ಒಬ್ಬಿಬ್ಬರು ಇಂಟರ್ನ್‌ಗಳ ಹೊಣೆ ಕೊಟ್ಟು ನೋಡುವುದು ಒಳ್ಳೆಯದು. ಕಲಿಸುವುದರಲ್ಲಿ ಖುಷಿ ಕಾಣದವರಿಗೆ ಸಂಬಳ, ಸ್ಥಾನ ಎರಡೂ ಬೆಳೆಯುವ ತಾಂತ್ರಿಕ ದಾರಿ ಬೇರೆ ಇರಬೇಕು. ಐಬಿಎಂ 1960ರ ದಶಕದಲ್ಲೇ 'ಫೆಲೋ' ಎಂಬ ಉನ್ನತ ತಾಂತ್ರಿಕ ಹುದ್ದೆಯ ಮೂಲಕ ಅಂಥ ದಾರಿ ತೆರೆದಿತ್ತು. ನಮ್ಮಲ್ಲಿ ಅದು ಎಷ್ಟೋ ಕಡೆ ಕಾಗದದ ಮೇಲಷ್ಟೇ ಇದೆ. ಜೊತೆಗೆ ನೆಂಟರ "ಇನ್ನೂ ಮ್ಯಾನೇಜರ್ ಆಗಿಲ್ವಾ?" ಅನ್ನುವ ಕಾಟ ಬೇರೆ.