ಹಾಲು ಬಿಟ್ಟ ಮೇಲೆ ತಟ್ಟೆಯಲ್ಲಿ ಏನಿರಬೇಕು? ಓದುಗರ ಪ್ರಶ್ನೆಗೆ ಆಹಾರ ತಜ್ಞೆಯ ಉತ್ತರ

ಮಾಂಸ, ಮೀನು, ಮೊಟ್ಟೆಯ ಜೊತೆಗೆ ಹಾಲು, ಮೊಸರು, ತುಪ್ಪ, ಜೇನುತುಪ್ಪವನ್ನೂ ಬಿಟ್ಟ ಊಟಕ್ಕೆ ವೀಗನ್ ಊಟ ಅನ್ನುತ್ತಾರೆ. ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಇದರ ಬಗ್ಗೆಯೇ ಜಾಸ್ತಿ ಪ್ರಶ್ನೆ ಬಂದಿವೆ. ಈ ಭಾಗದ ಅಡುಗೆಮನೆಗಳನ್ನು ಹತ್ತಿರದಿಂದ ನೋಡಿದವಳು ನಾನು. ಹಾಗಾಗಿ ದುಬಾರಿ ಡಬ್ಬಿಗಳ ಮಾತು ಬಿಟ್ಟು, ನಮ್ಮ ಮನೆಯಲ್ಲಿ ಸಿಗುವ ಸಾಮಾನಿನಿಂದಲೇ ಉತ್ತರ ಹೇಳುತ್ತೇನೆ. ಮೊದಲನೆಯದು ಕಲಬುರಗಿಯ ವಿದ್ಯಾರ್ಥಿನಿಯ ಪ್ರಶ್ನೆ.

ನನಗೆ 22 ವರ್ಷ, ತೂಕ 55 ಕೆ.ಜಿ. ಕಲಬುರಗಿಯಲ್ಲಿ ಓದುತ್ತಿದ್ದೇನೆ. ಮನೆಯಲ್ಲಿ ಮೊದಲಿನಿಂದಲೂ ಸಸ್ಯಾಹಾರ. ಕರುವಿನ ಪಾಲಿನ ಹಾಲು ನಾನು ಕುಡಿಯಬಾರದು ಅನಿಸಿ ಎರಡು ತಿಂಗಳ ಹಿಂದೆ ಹಾಲು, ಮೊಸರು, ತುಪ್ಪ ಬಿಟ್ಟೆ. "ಹಾಲಿಲ್ಲದ ಮೈಯಾಗ ಶಕ್ತಿ ಎಲ್ಲಿಂದ ಬರ್ತದ?" ಅಂತ ಅವ್ವ ದಿನಾ ಬೈಯುತ್ತಾಳೆ. ಪ್ರೋಟೀನ್ ಪುಡಿ ತಗೋಬೇಕಾ?

ತಂಗಿ, ಅವ್ವ ಹೆದರುವುದರಲ್ಲಿ ತಪ್ಪೇನಿಲ್ಲ. ಆದರೆ ಹೆದರಬೇಕಾದ ಜಾಗ ಬೇರೆ. ಶಕ್ತಿ, ಪ್ರೋಟೀನ್ ಎರಡೂ ನಿಮ್ಮ ಮನೆಯ ತಟ್ಟೆಯಲ್ಲೇ ಇವೆ. ಇಲ್ಲದಿರುವುದು ಬಿ12 ಎಂಬ ವಿಟಮಿನ್. ಎರಡನ್ನೂ ಬಿಡಿಸಿ ಹೇಳುತ್ತೇನೆ, ಅವ್ವನಿಗೂ ಓದಿ ಹೇಳಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ದೊಡ್ಡವರಿಗೆ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ನಿಮಗೆ ಅದು ಹೆಚ್ಚುಕಡಿಮೆ 46 ಗ್ರಾಂ. ಈಗ ತಟ್ಟೆ ನೋಡೋಣ. ಇಡೀ ದಿನಕ್ಕೆ ಮೂರು ಜೋಳದ ರೊಟ್ಟಿ ಅಂದರೆ ಸುಮಾರು 180 ಗ್ರಾಂ ಹಿಟ್ಟು, ಅದರಲ್ಲಿ 18 ಗ್ರಾಂ. ಎರಡು ಹೊತ್ತಿನ ಬ್ಯಾಳಿಗೆ 60 ಗ್ರಾಂ ತೊಗರಿ, ಅದರಲ್ಲಿ 13 ಗ್ರಾಂ. ಮಡಕಿಯೋ ಹೆಸರೋ, ಯಾವುದಾದರೂ ಕಾಳಿನ ಪಲ್ಯಕ್ಕೆ 40 ಗ್ರಾಂ ಒಣ ಕಾಳು, ಅದರಿಂದ 9 ಗ್ರಾಂ. ಒಂದು ಹಿಡಿ ಶೇಂಗಾ ಅಥವಾ ಅಷ್ಟೇ ಶೇಂಗಾ ಹಿಂಡಿ (ಚಟ್ನಿಪುಡಿ), ಅದರಿಂದ 7 ಗ್ರಾಂ. ಕೂಡಿಸಿ ನೋಡಿ, 47 ಆಯಿತು. ಅನ್ನ, ಸೊಪ್ಪು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಪುಡಿಗೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯ ನನಗೆ ಕಾಣುತ್ತಿಲ್ಲ.

ರೊಟ್ಟಿಯ ಜೊತೆ ಬ್ಯಾಳಿ ತಿನ್ನುವುದಕ್ಕೂ ಕಾರಣ ಇದೆ. ಜೋಳದಲ್ಲಿ ಲೈಸಿನ್ ಎಂಬ ಪ್ರೋಟೀನ್ ಅಂಶ ಕಡಿಮೆ. ತೊಗರಿಯಲ್ಲಿ ಅದು ಧಾರಾಳ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅಂಥ ಬೇಳೆ ಮನೆಯಲ್ಲಿಟ್ಟುಕೊಂಡು ಪ್ರೋಟೀನ್‌ಗಾಗಿ ಊರೆಲ್ಲ ಹುಡುಕಬೇಕಾ?

ಆದರೆ ಒಂದು ಷರತ್ತು. ಈ ಲೆಕ್ಕ ಗಟ್ಟಿ ಬ್ಯಾಳಿ ತಿನ್ನುವವರದ್ದು. ಹಾಸ್ಟೆಲ್ಲಿನ ತಿಳಿ ಸಾರು, ಎರಡು ಸೌಟು ಅನ್ನ, ಮೇಲೆ ಒಂದು ಹಪ್ಪಳ ತಿಂದು "ನಾನು ವೀಗನ್" ಅಂದರೆ ಮೈ ಸೊರಗುತ್ತದೆ. ಹಾಲು ಬಿಟ್ಟು ಸೊರಗಿದವರನ್ನು ನಾನು ನೋಡಿದ್ದೇನೆ. ಹಾಲಿನ ಜಾಗವನ್ನು ಅವರು ಖಾಲಿ ಬಿಟ್ಟಿದ್ದರು, ಅದೇ ಆದ ತಪ್ಪು. ಹಾಸ್ಟೆಲ್ಲಿನಲ್ಲಿದ್ದರೆ ಊರಿನಿಂದ ಒಂದು ಡಬ್ಬಿ ಶೇಂಗಾ ಹಿಂಡಿ, ಒಂದು ಡಬ್ಬಿ ಅಗಸಿ ಹಿಂಡಿ ತರಿಸಿಕೊಳ್ಳಿ. ಹೆಸರುಕಾಳು ನೆನೆಸಿ ಮೊಳಕೆ ಬರಿಸಲು ಒಲೆ ಬೇಡ, ಒಂದು ಒದ್ದೆ ಬಟ್ಟೆ ಸಾಕು. ಒಮ್ಮೆಗೇ ಕಾಳು ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗಿ.

ಈಗ ಬಿ12. ಇದನ್ನು ತಯಾರಿಸುವುದು ಸೂಕ್ಷ್ಮಾಣುಗಳು. ಗಿಡಗಳಿಗೆ ಅದು ಬೇಕಿಲ್ಲ, ಆದ್ದರಿಂದ ಕಾಳು, ಸೊಪ್ಪು, ಹಣ್ಣು ಯಾವುದರಲ್ಲೂ ಅದನ್ನು ನಂಬಿ ಕೂರುವಷ್ಟು ಇರುವುದಿಲ್ಲ. ಹುಳಿ ಬಂದ ಅಂಬಲಿಯಲ್ಲಿ ಇದೆ, ಸ್ಪಿರುಲಿನಾ ಎಂಬ ಪಾಚಿ ಪುಡಿಯಲ್ಲಿ ಇದೆ ಅಂತ ಯಾರಾದರೂ ಹೇಳಬಹುದು. ಸ್ಪಿರುಲಿನಾದಲ್ಲಿ ಇರುವುದು ಹೆಚ್ಚಿನಂಶ ನಮ್ಮ ಮೈಗೆ ಉಪಯೋಗಕ್ಕೆ ಬಾರದ ರೂಪ. ಅಂಬಲಿ ಒಳ್ಳೆಯ ಊಟ, ಆದರೆ ಬಿ12ಕ್ಕೆ ಅದನ್ನು ನಂಬಬೇಡಿ.

ಇದರ ಕೊರತೆ ಸದ್ದಿಲ್ಲದೆ ಬರುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಬಿ12 ಚೆನ್ನಾಗಿದ್ದವರಿಗೆ ಎರಡು ಮೂರು ವರ್ಷ ನಡೆಯುತ್ತದೆ. ಹಾಗಾಗಿ ಮೊದಲ ವರ್ಷ "ನನಗೇನೂ ಆಗಿಲ್ಲ" ಅನಿಸುತ್ತದೆ. ಆಮೇಲೆ ಸುಸ್ತು, ಕೈಕಾಲು ಜೋಮು, ಪಾದದಲ್ಲಿ ಸೂಜಿ ಚುಚ್ಚಿದಂತಾಗುವುದು, ನಾಲಿಗೆ ಉರಿ, ಮರೆವು ಶುರುವಾಗುತ್ತವೆ. ತುಂಬಾ ತಡ ಮಾಡಿದರೆ ನರಕ್ಕೆ ಆದ ಹಾನಿ ಪೂರ್ತಿ ಸರಿಹೋಗದೆಯೂ ಇರಬಹುದು. ನಮ್ಮಲ್ಲಿ ಹಾಲು ಕುಡಿಯುವ ಸಸ್ಯಾಹಾರಿಗಳಿಗೂ ಬಿ12 ಕಡಿಮೆ ಇರುವುದು ಸಾಮಾನ್ಯ. ನೀವು ಹುಟ್ಟಿನಿಂದ ಸಸ್ಯಾಹಾರಿ, ಅಂದರೆ ನಿಮ್ಮ ಗಂಟು ಮೊದಲೇ ಸಣ್ಣದಿರಬಹುದು.

ಆದ್ದರಿಂದ ಈ ವಾರವೇ ರಕ್ತದಲ್ಲಿ ಬಿ12 ನೋಡಿಸಿ. ಕಡಿಮೆ ಇದ್ದರೆ ಡಾಕ್ಟರು ಹೇಳಿದಷ್ಟು ಔಷಧಿ. ಸರಿ ಇದ್ದರೂ ಮಾತ್ರೆ ಬೇಕೇ ಬೇಕು. ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೆ 2000 ಮೈಕ್ರೋಗ್ರಾಂ. ವಾರದ ಲೆಕ್ಕ ಅಷ್ಟೊಂದು ಯಾಕೆ ಅಂದರೆ, ಒಂದು ಸಲಕ್ಕೆ ಕರುಳು ಹೀರಿಕೊಳ್ಳುವುದು ಬಹಳ ಕಡಿಮೆ, ಉಳಿದದ್ದು ಹಾಗೇ ಹೊರಗೆ ಹೋಗುತ್ತದೆ. ಸೋಮವಾರವೋ ಶುಕ್ರವಾರವೋ, ಒಂದು ವಾರ ಗೊತ್ತುಮಾಡಿಕೊಳ್ಳಿ, ಮರೆಯುವುದಿಲ್ಲ.

ಇನ್ನು ಕ್ಯಾಲ್ಸಿಯಂ. ದಿನಕ್ಕೆ 1000 ಮಿಲಿಗ್ರಾಂ ಬೇಕು. ಅರ್ಧ ಲೀಟರ್ ಹಾಲಿನಿಂದ ಸುಮಾರು 600 ಬರುತ್ತಿತ್ತು, ಆ ಜಾಗ ತುಂಬಬೇಕು. ಸಿಪ್ಪೆ ತೆಗೆಯದ ಎಳ್ಳು ಎರಡು ದೊಡ್ಡ ಚಮಚ, ವಾರಕ್ಕೆ ಮೂರು ಸಲ ನುಗ್ಗೆಸೊಪ್ಪು, ಬೆಳಿಗ್ಗೆ ರಾಗಿ ಗಂಜಿ. ಎಳ್ಳನ್ನು ಹುರಿದು ಕುಟ್ಟಿ ತಿನ್ನಿ, ಇಡೀ ಕಾಳು ಹಾಗೇ ಹೊರಗೆ ಹೋಗುತ್ತದೆ. ಅಗಸಿಗೂ ಇದೇ ಮಾತು. ನಮ್ಮ ಹಿರಿಯರು ಅಗಸಿ ಹುರಿದು ಹಿಂಡಿ ಮಾಡಿದ್ದು ಸುಮ್ನೆ ಅಲ್ಲ. ಪುಡಿಯಾದರೆ ಮಾತ್ರ ಅದರ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಮೈಗೆ ದಕ್ಕುತ್ತದೆ. ಉಪ್ಪು ಅಯೋಡಿನ್ ಇರುವುದೇ ಇರಲಿ. ಸೈಂಧವ ಉಪ್ಪಿನಿಂದ ಅಯೋಡಿನ್ ಸಿಗುವುದಿಲ್ಲ.

ಊಟ ಮುಗಿಸಿ ಕೈ ತೊಳೆದ ಕೂಡಲೇ ಚಹಾ ಕುಡಿಯುವ ರೂಢಿ ಇದ್ದರೆ ಅದನ್ನು ಒಂದು ತಾಸು ಮುಂದೆ ಹಾಕಿ. ಕಾಳು, ಸೊಪ್ಪಿನ ಕಬ್ಬಿಣಾಂಶವನ್ನು ಚಹಾ ತಡೆಯುತ್ತದೆ, ಲಿಂಬೆಹುಳಿ ಬಿಡಿಸಿಕೊಡುತ್ತದೆ. ಪಲ್ಯದ ಮೇಲೆ ಅರ್ಧ ಲಿಂಬೆ ಹಿಂಡಿಕೊಳ್ಳಿ.

ನಾವು ಬೀದರ್‌ನವರು. ಮಾಂಸ ಬಿಟ್ಟು ವರ್ಷ ಆಯಿತು, ಕಷ್ಟ ಅನಿಸಲಿಲ್ಲ. ಆದರೆ ಮೊಸರಿಲ್ಲದೆ ನನಗೆ ರೊಟ್ಟಿ ಇಳಿಯುವುದಿಲ್ಲ. ಪೇಟೆಯ ಬಾದಾಮಿ ಹಾಲು, ಸೋಯಾ ಹಾಲು ಜೇಬಿಗೆ ಭಾರ. ಬೇರೆ ದಾರಿ ಇದೆಯಾ? (ಬೀದರ್)

ಇದೆ, ಅಣ್ಣ. ಶೇಂಗಾ ಮೊಸರು. ಬೇಕಾಗಿರುವುದು ಶೇಂಗಾ, ನೀರು ಮತ್ತು ಹಸಿಮೆಣಸಿನಕಾಯಿ, ಅಷ್ಟೇ.

ಒಂದು ಬಟ್ಟಲು ಶೇಂಗಾ ಆರಿಸಿ. ಕಪ್ಪಾದದ್ದು, ಮುರುಟಿದ್ದು, ಬೂಷ್ಟು ವಾಸನೆ ಬಂದದ್ದು ಒಂದೂ ಬೇಡ. ಅಂಥ ಕಾಳಿನ ವಿಷ ಕುದಿಸಿದರೂ ಹೋಗುವುದಿಲ್ಲ. ರಾತ್ರಿ ನೆನೆಹಾಕಿ, ಬೆಳಿಗ್ಗೆ ತಿಕ್ಕಿ ಸಿಪ್ಪೆ ತೆಗೆದು, ಮೂರು ಬಟ್ಟಲು ನೀರು ಹಾಕುತ್ತ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಹಿಂಡಿ. ಬಂದ ಹಾಲನ್ನು ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತ ಕುದಿಸಿ. ಒಂದು ಕ್ಷಣ ಆಚೆ ಹೋದರೂ ತಳ ಹಿಡಿಯುತ್ತದೆ. ಐದಾರು ನಿಮಿಷ ಕುದ್ದ ಮೇಲೆ ಹಸಿ ವಾಸನೆ ಹೋಗಿ, ಸೌಟಿನ ಬೆನ್ನಿಗೆ ತೆಳ್ಳಗೆ ಅಂಟಿಕೊಳ್ಳುತ್ತದೆ. ಇಳಿಸಿ, ಬೆರಳು ಅದ್ದಿದರೆ ಹಿತವಾದ ಬಿಸಿ ಇರುವಾಗ, ತೊಳೆದ ಏಳೆಂಟು ಹಸಿಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಹಾಕಿ. ತೊಟ್ಟು ಹಾಲಿನಲ್ಲಿ ಮುಳುಗಿರಲಿ. ಹೆಪ್ಪು ಹಿಡಿಸುವ ಸೂಕ್ಷ್ಮಾಣು ಇರುವುದು ಅಲ್ಲೇ. ಮುಚ್ಚಿಡಿ. ನಮ್ಮ ಬೇಸಿಗೆಯಲ್ಲಿ ಐದಾರು ತಾಸು, ಚಳಿಯಲ್ಲಿ ಇಡೀ ರಾತ್ರಿ.

ಮೊದಲ ಸಲ ಮೊಸರು ತೆಳ್ಳಗೆ ಬರುತ್ತದೆ, ಬೇಜಾರಾಗಬೇಡಿ. ಅದರಿಂದ ಎರಡು ಚಮಚ ತೆಗೆದು ಮುಂದಿನ ಹಾಲಿಗೆ ಹೆಪ್ಪು ಹಾಕಿ, ಎರಡನೆಯದು ಗಟ್ಟಿಯಾಗಿ ಕೂರುತ್ತದೆ. ಶೇಂಗಾದ ವಾಸನೆ ಸ್ವಲ್ಪ ಇರುತ್ತದೆ. ಜೀರಿಗೆ, ಬಳ್ಳೊಳ್ಳಿ ಒಗ್ಗರಣೆ ಕೊಟ್ಟರೆ ಹೋಗುತ್ತದೆ. ವಾಸನೆ ಕೆಟ್ಟರೆ, ಬಣ್ಣ ಬದಲಾದರೆ ಮುಲಾಜಿಲ್ಲದೆ ಚೆಲ್ಲಿ. ಹಿಂಡಿದ ಮೇಲೆ ಉಳಿದ ಚರಟವನ್ನು ರೊಟ್ಟಿ ಹಿಟ್ಟಿಗೋ ಪಲ್ಯಕ್ಕೋ ಸೇರಿಸಿ.

ಕುಸುಬಿ ಹಾಲು ನೆನಪಿದೆಯಾ? ಕುಸುಬಿ ನೆನೆಸಿ, ರುಬ್ಬಿ, ಹಾಲು ಹಿಂಡಿ, ಬೆಲ್ಲ ಹಾಕಿ ಹುಗ್ಗಿ ಮಾಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಗಿಡದ ಹಾಲು ನಮಗೆ ಹೊಸದೇನಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಅವರ ಕೈಯಿಂದಲೇ ಕಲಿಯಿರಿ, ಹದ ಅವರಿಗೆ ಗೊತ್ತಿರುತ್ತದೆ. ಚಹಾಕ್ಕೆ ಮಾತ್ರ ಈ ಯಾವ ಹಾಲೂ ಅಷ್ಟಾಗಿ ಹೊಂದುವುದಿಲ್ಲ. ಅದಕ್ಕೆ ಹಾಲಿಲ್ಲದ ನಿಮ್ಮ ಊರಿನ ಸುಲೇಮಾನಿ ಚಹಾವೇ ಸರಿ.

ಅಪ್ಪನಿಗೆ 58 ವರ್ಷ. ಎಂಟು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೊಳ್ತಾರೆ. ನನ್ನ ನೋಡಿ ತಾವೂ ವೀಗನ್ ಆಗ್ತೀನಿ ಅಂತಿದ್ದಾರೆ. ಆಗಬಹುದಾ? (ಹುಮನಾಬಾದ್)

ಆಗಬಹುದು. ಆದರೆ ನಿಮಗಿಂತ ಅವರಿಗೆ ಎಚ್ಚರ ಜಾಸ್ತಿ ಬೇಕು. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡರೆ ಅದೇ ಬಿ12 ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ, ವಯಸ್ಸೂ ತಗ್ಗಿಸುತ್ತದೆ. ಅದರ ಮೇಲೆ ಹಾಲೂ ಹೋದರೆ ಮೂರು ಕಡೆಯಿಂದ ಹೊಡೆತ. ಪಾದ ಜೋಮು ಹಿಡಿದರೆ "ಸಕ್ಕರೆ ಇರೋರಿಗೆ ಇದೆಲ್ಲ ಇರೋದೇ" ಅಂತ ಬಿಟ್ಟುಬಿಡುತ್ತಾರೆ. ಅದು ಬಿ12 ಕೊರತೆಯೂ ಇರಬಹುದು. ಊಟ ಬದಲಿಸುವ ಮೊದಲೇ ಪರೀಕ್ಷೆ ಮಾಡಿಸಿ. ಸಕ್ಕರೆಯ ಮಾತ್ರೆಯನ್ನು ಮಾತ್ರ ತಾವಾಗಿ ನಿಲ್ಲಿಸಬಾರದು. ಊಟ ಬದಲಾದಾಗ ಸಕ್ಕರೆ ಏರುಪೇರಾದರೆ ಮಾತ್ರೆಯ ಪ್ರಮಾಣ ಡಾಕ್ಟರೇ ನೋಡಿ ಬದಲಿಸಲಿ. ಬಿಳಿ ಅನ್ನ ಕಡಿಮೆ, ರೊಟ್ಟಿ ಹಿತಮಿತ, ಕಾಳು ಸೊಪ್ಪು ಜಾಸ್ತಿ.

ನಾನು ಮಗುವಿಗೆ ಎದೆಹಾಲು ಕೊಡುತ್ತಿದ್ದೇನೆ. ಮಗುವಿಗೆ ಏಳು ತಿಂಗಳು. ಇಬ್ಬರೂ ವೀಗನ್ ಆಗಬೇಕೆಂದಿದ್ದೇನೆ. ಶೇಂಗಾ ಹಾಲು ಕುಡಿಸಲೇ? (ಶಹಾಪುರ)

ಬೇಡ ತಾಯಿ. ಮನೆಯಲ್ಲಿ ಮಾಡಿದ ಶೇಂಗಾ, ಬಾದಾಮಿ, ತೆಂಗಿನ ಹಾಲು ಯಾವುದೂ ಈ ವಯಸ್ಸಿನಲ್ಲಿ ಎದೆಹಾಲಿನ ಜಾಗ ತುಂಬುವುದಿಲ್ಲ. ಎದೆಹಾಲು ಮುಂದುವರಿಸಿ. ಅದರ ಜೊತೆಗೆ ಮೆತ್ತಗೆ ಬೇಯಿಸಿದ ಬೇಳೆ, ಅನ್ನ, ತರಕಾರಿ ಕೊಡುತ್ತ ಹೋಗಿ. ತಾಯಿಗೆ ಬಿ12 ಕೊರತೆ ಇದ್ದರೆ ಎದೆಹಾಲಿನಲ್ಲೂ ಕಡಿಮೆಯಾಗುತ್ತದೆ. ಮಗು ಮಂಕಾಗಬಹುದು, ಕೂರುವುದು ತೆವಳುವುದು ಹಿಂದೆ ಬೀಳಬಹುದು. ಇದು ನಾನು ಬಹಳ ಗಂಭೀರವಾಗಿ ಹೇಳುವ ಮಾತು. ನಿಮ್ಮ ಊಟ ಬದಲಿಸುವುದಾದರೆ ಮೊದಲು ರಕ್ತಪರೀಕ್ಷೆ, ಅವತ್ತಿನಿಂದಲೇ ಡಾಕ್ಟರು ಬರೆದುಕೊಟ್ಟ ಬಿ12, ಕಬ್ಬಿಣಾಂಶ, ಕ್ಯಾಲ್ಸಿಯಂ. ಮಗುವಿನ ಊಟದ ಬಗ್ಗೆ ಮಕ್ಕಳ ಡಾಕ್ಟರನ್ನು ಕೇಳದೆ ಏನೂ ನಿಲ್ಲಿಸಬೇಡಿ.

ಥೈರಾಯ್ಡ್ ಮಾತ್ರೆ ತಗೊಳ್ತೀನಿ. ನಮ್ಮ ಹೊಲದಲ್ಲೇ ಸೋಯಾ ಬೆಳೆಯುತ್ತೇವೆ. ತಿನ್ನಬಾರದಂತೆ, ಹೌದಾ? (ಭಾಲ್ಕಿ)

ತಿನ್ನಬಹುದು, ಹೊತ್ತು ನೋಡಿ ತಿನ್ನಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಮಾತ್ರೆ, ನಾಲ್ಕು ತಾಸು ಕಳೆದ ಮೇಲೆ ಸೋಯಾ. ಕ್ಯಾಲ್ಸಿಯಂ, ಕಬ್ಬಿಣಾಂಶದ ಮಾತ್ರೆಗೂ ಇದೇ ಅಂತರ. ಸೋಯಾ ಕಾಳನ್ನು ಹಸಿಯಾಗಿ ತಿನ್ನಬೇಡಿ, ರಾತ್ರಿಯಿಡೀ ನೆನೆಸಿ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ.

ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ಇದ್ದರೆ ವೀಗನ್ ಅಂತ ಅರ್ಥವೇ? (ಸೇಡಂ)

ಅಲ್ಲ. ಹಸಿರು ಚುಕ್ಕಿ ಸಸ್ಯಾಹಾರದ ಗುರುತು, ಅದರೊಳಗೆ ಹಾಲು, ತುಪ್ಪ, ಜೇನು ಇರಬಹುದು. ವೀಗನ್ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) 2022ರಲ್ಲಿ ಬೇರೆ ನಿಯಮ ತಂದಿದೆ, ಹಸಿರು 'ವಿ' ಅಕ್ಷರ ಇರುವ ಬೇರೆ ಗುರುತೂ ಇದೆ. ಅದು ಕಾಣದಿದ್ದರೆ ಹಿಂಬದಿಯ ಸಣ್ಣ ಅಕ್ಷರ ಓದಿ. ಮಿಲ್ಕ್ ಸಾಲಿಡ್ಸ್, ವ್ಹೇ, ಕೇಸಿನ್ ಅಂತ ಇದ್ದರೆ ಹಾಲಿನದೇ. ಖಾನಾವಳಿಯಲ್ಲಿ ಹಿಂಡಿಗೆ ಮೊಸರು ಕಲಸಿ ತಂದಿಡುತ್ತಾರೆ. "ಒಣ ಹಿಂಡಿ, ಎಣ್ಣೆ ಕೊಡಿ" ಅಂತ ಕೂರುವಾಗಲೇ ಹೇಳಿಬಿಡಿ.

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುತ್ತೇವೆ. ಬೀಗರು, ನೆಂಟರು ಎಲ್ಲರೂ ಬರುತ್ತಾರೆ. ಅಲ್ಲಿ ನಾನೊಬ್ಬನೇ ಬೇರೆ ಊಟ ಕಟ್ಟಿಕೊಂಡು ಕೂರಬೇಕಾ? (ಆಳಂದ)

ಯಾಕೆ ಕೂರಬೇಕು? ವರ್ಷದ ಊಟಗಳಲ್ಲೆಲ್ಲ ನಿಮಗೆ ಹೆಚ್ಚು ಹೊಂದುವುದೇ ಅದು. ಸಜ್ಜೆ ರೊಟ್ಟಿಗೆ ಹಚ್ಚಿದ ಎಳ್ಳು, ಹಸಿ ತೊಗರಿ, ಕಡಲೆ, ಬಟಾಣಿ, ಹತ್ತಾರು ಸೊಪ್ಪು ಬಿದ್ದ ಭಜ್ಜಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಹೋಳಿಗೆಗೆ ತುಪ್ಪದ ಬದಲು ಶೇಂಗಾ ಎಣ್ಣೆ ಹಾಕಿ ಬೇಯಿಸಿದರೆ ಆಯಿತು. ಕೆಲವು ಮನೆಗಳಲ್ಲಿ ಭಜ್ಜಿಗೆ ಮಜ್ಜಿಗೆ ಹಾಕುತ್ತಾರೆ, ಹುಣಸೆಹುಳಿ ಹಾಕಿದರೂ ಅಷ್ಟೇ ರುಚಿ. ಹೊಲಕ್ಕೆ ಚರಗದ ನೈವೇದ್ಯ ಚೆಲ್ಲುವಾಗ ಎಲ್ಲರ ಜೊತೆ ಹೋಗಿ, ಒಂದೇ ಸಾಲಿನಲ್ಲಿ ಕೂತು ಉಣ್ಣಿ. ಅಂಬಲಿಯ ವಿಷಯ ಮಾತ್ರ ಹಿಂದಿನ ರಾತ್ರಿಯೇ ಅವ್ವನ ಕಿವಿಗೆ ಹಾಕಿ. ಗಡಿಗೆಗೆ ಮಜ್ಜಿಗೆ ಸುರಿಯುವ ಮೊದಲು ನಿಮ್ಮ ಪಾಲು ಒಂದು ಚೆಂಬಿನಲ್ಲಿ ತೆಗೆದಿಟ್ಟು, ಅದಕ್ಕೆ ಬಳ್ಳೊಳ್ಳಿ, ಅಜವಾನ ಕುಟ್ಟಿ ಹಾಕಿ, ಲಿಂಬೆ ಹಿಂಡಿ ಕಟ್ಟಿಕೊಡಲಿ.