ಬಾಲಿಯ ಹಳ್ಳಿಗಳಲ್ಲಿ ಪವಿತ್ರ ನದಿಗಳು ಕಣ್ಣಿಗೆ ಬೀಳದಿರುವುದೇಕೆ?

ಇಂಡೊನೇಷ್ಯಾದ ಬಾಲಿ ದ್ವೀಪದ ತಂಪಾಕ್‌ಸಿರಿಂಗ್ ಊರಿನ ಸುತ್ತಲಿನ ಚಿತ್ರಗಳಲ್ಲೆಲ್ಲ ಮೆಟ್ಟಿಲುಗದ್ದೆಗಳೇ ಕಾಣುತ್ತವೆ, ಹಾಗಾದರೆ ಪವಿತ್ರವೆನ್ನುವ ನದಿಗಳು ಎಲ್ಲಿವೆ ಎಂದು ನೀವು ಕೇಳಿದ್ದೀರಿ. ಅವು ಗದ್ದೆಗಳ ಪಕ್ಕದಲ್ಲಿಯೇ ಇವೆ, ಆದರೆ ಬಹಳ ಆಳದಲ್ಲಿವೆ. ನಾನು ಆ ಭಾಗದಲ್ಲಿ ತಂಗಿದ್ದಾಗ ಎಷ್ಟೋ ಕಡೆ ನದಿಯ ಸದ್ದು ಕೇಳಿಸುತ್ತಿತ್ತೇ ಹೊರತು ನೀರು ಕಾಣುತ್ತಿರಲಿಲ್ಲ.

ಇದಕ್ಕೆ ಕಾರಣ ನೆಲದ ಗುಣ. ಬಾತೂರ್ ಜ್ವಾಲಾಮುಖಿ ಉಗುಳಿದ ಬೂದಿ ಗಟ್ಟಿಯಾಗಿ ಉಂಟಾದ ಮೃದುವಾದ ಕಲ್ಲನ್ನು ಪಕೆರಿಸಾನ್, ಪೆತಾನು ಮುಂತಾದ ನದಿಗಳು ಕೊರೆಯುತ್ತ ಉತ್ತರದಿಂದ ದಕ್ಷಿಣಕ್ಕೆ ಬಹುಮಟ್ಟಿಗೆ ಸಮಾನಾಂತರವಾಗಿ ಇಳಿಯುತ್ತವೆ. ಎರಡು ಕಮರಿಗಳ ನಡುವೆ ಉಳಿದ ನೀಳವಾದ ದಿಬ್ಬದ ಮೇಲೆ ಊರೂ ಗದ್ದೆಯೂ ಇವೆ. ಕೆಳಗಿನ ನೀರನ್ನು ನೇರವಾಗಿ ಮೇಲೆತ್ತಲಾಗದ ಕಾರಣ, ರೈತರು ಬಹಳ ಮೇಲ್ಭಾಗದಲ್ಲಿಯೇ ನದಿಗೆ ಒಡ್ಡು ಕಟ್ಟಿ, ಬಂಡೆಯೊಳಗೆ ಸುರಂಗ ಕೊರೆದು, ನದಿಗಿಂತ ನಿಧಾನವಾಗಿ ಇಳಿಯುವ ಕಾಲುವೆಗಳ ಮೂಲಕ ನೀರನ್ನು ದಿಬ್ಬದ ನೆತ್ತಿಗೆ ತಂದಿದ್ದಾರೆ. ಸುರಂಗ ಕೊರೆಯುವ ಕುಶಲಕರ್ಮಿಗಳ ಉಲ್ಲೇಖ 896ರ ಬೆಬೆತಿನ್ ತಾಮ್ರಶಾಸನದಲ್ಲಿಯೇ ಇದೆ. ಪ್ರವಾಸಿಗರು ಮೆಚ್ಚುವ ಹಸಿರು ಮೆಟ್ಟಿಲುಗಳಿಗಿಂತ, ಯಾರ ಕಣ್ಣಿಗೂ ಬೀಳದ ಈ ಸುರಂಗಗಳೇ ನನಗೆ ದೊಡ್ಡ ಸಾಧನೆಯಾಗಿ ಕಂಡವು.

ನೀರನ್ನು ಹಂಚಿಕೊಳ್ಳುವ ರೈತರ ಸಂಘಕ್ಕೆ ಸುಬಾಕ್ ಎನ್ನುತ್ತಾರೆ. ಪ್ರತಿ ಸುಬಾಕ್‌ಗೂ ತನ್ನದೇ ದೇಗುಲಗಳಿದ್ದು, ಈ ಸೀಮೆಯ ಸುಬಾಕ್‌ಗಳೆಲ್ಲ ಬಾತೂರ್ ಸರೋವರದ ದೇವತೆಯಾದ ‘ದೇವಿ ದಾನು’ವಿನ ಗುಡಿಯಾದ ಪುರಾ ಉಲುನ್ ದಾನು ಬಾತೂರ್‌ಗೆ ನಡೆದುಕೊಳ್ಳುತ್ತವೆ. ಆ ಸರೋವರದಿಂದ ನೆಲದ ಮೇಲೆ ಹರಿದುಹೋಗುವ ನದಿ ಒಂದೂ ಇಲ್ಲದಿದ್ದರೂ, ಕೆಳಗಿನ ಊರುಗಳ ಬುಗ್ಗೆಗಳೆಲ್ಲ ಅವಳ ಕೊಡುಗೆಯೆಂದೇ ಜನ ನಂಬುತ್ತಾರೆ. ಈ ನಂಬಿಕೆಗೆ ಬೇಸಾಯದ ಲೆಕ್ಕವೂ ಜೋಡಿಕೊಂಡಿದೆ. ಯಾವ ಸುಬಾಕ್ ಯಾವಾಗ ನಾಟಿ ಮಾಡಬೇಕು, ಯಾವಾಗ ಗದ್ದೆಗೆ ಬಿಡುವು ಕೊಡಬೇಕು ಎಂಬುದನ್ನು ದೇಗುಲಗಳ ಸಭೆಗಳಲ್ಲಿ ಹೊಂದಿಸಿಕೊಳ್ಳುವುದರಿಂದ ನೀರಿನ ಜಗಳ ತಗ್ಗುತ್ತದೆ, ಅಕ್ಕಪಕ್ಕದ ಗದ್ದೆಗಳು ಒಟ್ಟಿಗೆ ಖಾಲಿಯಾಗಿ ಕೀಟಗಳಿಗೆ ಆಹಾರವೂ ತಪ್ಪುತ್ತದೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ಹೆಸರಿನಲ್ಲಿ ಬಿಡುವಿಲ್ಲದೆ ಭತ್ತ ಬೆಳೆಸಲು ಹೊರಟಾಗ ಜಿಗಿಹುಳುವಿನ ಹಾವಳಿ ಮಿತಿಮೀರಿತು. ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಅವರು ಈ ದೇಗುಲ ವ್ಯವಸ್ಥೆಯ ಉಪಯುಕ್ತತೆಯನ್ನು ಕಂಪ್ಯೂಟರ್ ಮಾದರಿಯ ಮೂಲಕ ತೋರಿಸಿದ್ದು ಆ ಬಳಿಕ. ಪಕೆರಿಸಾನ್ ಕಣಿವೆಯ ಸುಬಾಕ್‌ಗಳು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಎಲ್ಲ ನದಿಗಳೂ ಒಂದೇ ಬಗೆಯಲ್ಲಿ ಪವಿತ್ರವಲ್ಲ ಎಂಬುದನ್ನೂ ಹೇಳಬೇಕು. ದೇವಪೂಜೆಯನ್ನು ನಿಷೇಧಿಸಿದ ಮಾಯಾದಾನವನೆಂಬ ರಾಜ ಇಂದ್ರನ ಸೈನ್ಯಕ್ಕೆ ವಿಷದ ನೀರು ಕುಡಿಸಿದನೆಂದೂ, ಇಂದ್ರ ನೆಲವನ್ನು ತಿವಿದು ತಿರ್ತಾ ಎಂಪುಲ್ ಬುಗ್ಗೆಯನ್ನು ಚಿಮ್ಮಿಸಿ ಸೈನಿಕರನ್ನು ಬದುಕಿಸಿದನೆಂದೂ ಸ್ಥಳಪುರಾಣ ಹೇಳುತ್ತದೆ. ಆ ಬುಗ್ಗೆಯ ನೀರು ಪಕೆರಿಸಾನ್ ನದಿಯನ್ನು ಸೇರುತ್ತದೆ. ಹತನಾದ ರಾಜನ ರಕ್ತವೇ ಪೆತಾನು ನದಿಯಾಯಿತಂತೆ. ಅದರ ನೀರುಂಡ ಭತ್ತವನ್ನು ಕೊಯ್ದರೆ ರಕ್ತ ಒಸರುವುದೆಂಬ ಶಾಪ ಅದಕ್ಕೆ ಸಾವಿರ ವರ್ಷ ಅಂಟಿಕೊಂಡಿತ್ತಂತೆ.

ಕನ್ನಡಿಗರಾದ ನಮಗೆ ಇಲ್ಲೊಂದು ಪರಿಚಿತ ಎಳೆಯೂ ಸಿಗುತ್ತದೆ. ಬಾಲಿಯ ಪುರೋಹಿತರು ತೀರ್ಥವನ್ನು ಸಿದ್ಧಪಡಿಸುವಾಗ ಹೇಳುವ ಸಂಸ್ಕೃತ ಸ್ತುತಿಯೊಂದರಲ್ಲಿ ಗಂಗೆ, ಸಿಂಧು, ಗೋದಾವರಿ, ನರ್ಮದೆಯರೊಡನೆ ಕಾವೇರಿಯ ಹೆಸರೂ ಇದೆ. ನಮ್ಮ ಮದುವೆಗಳ ಮಂಗಳಾಷ್ಟಕದಲ್ಲಿ ಬರುವ ನದಿಗಳ ಸಾಲಿಗೆ ಅದು ತೀರ ಹತ್ತಿರವಾದದ್ದು.

ನೀವು ಹೋಗುವುದಾದರೆ, ಬಂಡೆಯಲ್ಲಿ ಕಡೆದ 11ನೇ ಶತಮಾನದ ಹತ್ತು ಸ್ಮಾರಕಗಳಿರುವ ಗುನುಂಗ್ ಕಾವಿಯ ಮೆಟ್ಟಿಲುಗಳನ್ನು ಇಳಿಯಿರಿ; ಪಕೆರಿಸಾನ್ ನದಿಯನ್ನು ಅದರ ಮಟ್ಟದಲ್ಲಿಯೇ ನಿಂತು ನೋಡಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಸಿಗಲಿಲ್ಲ. ಅಲ್ಲಿಂದ ಮೇಲ್ಮುಖವಾಗಿ ಸಾಗಿದರೆ ಪುರಾ ಮೆಂಗೆನಿಂಗ್ ಎಂಬ ಗುಡಿ, ಆಮೇಲೆ ತಿರ್ತಾ ಎಂಪುಲ್ ಬುಗ್ಗೆಯ ದೇಗುಲ ಸಿಗುತ್ತವೆ. ತಿರ್ತಾ ಎಂಪುಲ್‌ನಲ್ಲಿ ಮೀಯುವುದಾದರೆ ಸ್ಥಳೀಯರನ್ನು ನೋಡಿ ಸಾಲಿನಲ್ಲಿ ನಡೆಯಿರಿ, ಏಕೆಂದರೆ ಕೆಲವು ನೀರ್ಬಾಯಿಗಳು ಸತ್ತವರ ಕರ್ಮಗಳಿಗೆ ಮೀಸಲಾಗಿದ್ದು, ಅವುಗಳಿಗೆ ಬದುಕಿರುವವರು ತಲೆಯೊಡ್ಡುವುದಿಲ್ಲ.